ನೋಡಿದವರು ವಾದಕ್ಕೆ ಇಳಿಯುವಂಥ ನಾಟಕ ಕಟ್ಟುವುದು ಹೇಗೆ?

ಮೈಸೂರು, ಮಂಡ್ಯ ಕಡೆ ಜಾಗೃತಿ ಬೀದಿನಾಟಕ ಅಂದರೆ ಏನು ಬರುತ್ತದೆ ಅಂತ ಜನಕ್ಕೆ ಮೊದಲೇ ಗೊತ್ತು. ಗಂಡ ಕುಡಿದು ಬರುತ್ತಾನೆ. ಹೆಂಡತಿ ಅಳುತ್ತಾಳೆ. ಬಿಳಿ ಕೋಟಿನ ಡಾಕ್ಟರೋ ಫೈಲು ಹಿಡಿದ ಆಫೀಸರೋ ಬಂದು ಬುದ್ಧಿ ಹೇಳುತ್ತಾರೆ. ಎಲ್ಲರೂ ಸೇರಿ ಒಂದು ಹಾಡು, ಆಮೇಲೆ ಚಪ್ಪಾಳೆ. ಕುಡಿಯುವವನೂ ಅಲ್ಲೇ ನಿಂತು ಜೋರಾಗಿ ಚಪ್ಪಾಳೆ ತಟ್ಟಿರುತ್ತಾನೆ. ಅವನಿಗೆ ಏನೂ ತೊಂದರೆ ಆಗಿಲ್ಲ. ಸಮಸ್ಯೆ ನಾಟಕದಲ್ಲೇ ಬಗೆಹರಿದು ಹೋಯಿತು, ಅವನಿಗೆ ಯಾವ ಕೆಲಸವೂ ಉಳಿದಿಲ್ಲ.

ನೋಡುವವರಿಗೂ ಕೆಲಸ ಉಳಿಸುವಂಥ ನಾಟಕ ಕಟ್ಟಬೇಕು ಅನ್ನುವವರಿಗಾಗಿ ಈ ಬರಹ. ಆರೇಳು ಜನರ ಕಾಲೇಜು ತಂಡವಿರಲಿ, ಊರಿನ ಯುವಕ ಸಂಘವಿರಲಿ, ದುಡ್ಡಿಲ್ಲದೆ ಮಾಡಬಹುದು. ಉದಾಹರಣೆಗೆ ಒಂದೇ ವಿಷಯವನ್ನು ಕೊನೆಯವರೆಗೂ ಎಳೆದುಕೊಂಡು ಹೋಗುತ್ತೇನೆ: ಹೆಂಗಸರು ಒಬ್ಬರಿಗೊಬ್ಬರು ಜವಾಬ್ದಾರರಾಗಿ ಗುಂಪಾಗಿ ತೆಗೆದುಕೊಳ್ಳುವ ಮೈಕ್ರೋಫೈನಾನ್ಸ್ ಸಾಲ. ಮಂಡ್ಯ ಜಿಲ್ಲೆಯ ಯಾವ ಹಳ್ಳಿಗೆ ಹೋದರೂ 'ಸಂಘದ ಸಾಲ' ಅಂದರೆ ಸಾಕು, ಬೇರೆ ಪೀಠಿಕೆ ಬೇಡ.

1. ವಿಷಯ ಬೇಡ, ಪ್ರಶ್ನೆ ಹುಡುಕಿ

'ಸಾಲದ ಶೂಲ' ಎನ್ನುವುದು ವಿಷಯ. ಅದರ ಬಗ್ಗೆ ಯಾರೂ ಜಗಳ ಆಡುವುದಿಲ್ಲ, ಹೌದು ಹೌದು ಅಂತ ತಲೆ ಆಡಿಸುತ್ತಾರೆ. ಹೀಗೆ ಕೇಳಿ ನೋಡಿ: ಐದು ಜನರ ಗುಂಪಿನಲ್ಲಿ ಒಬ್ಬಳಿಗೆ ಕಂತು ಕಟ್ಟಲು ಆಗಲಿಲ್ಲ. ಉಳಿದ ನಾಲ್ವರು ಅವಳ ಪಾಲನ್ನೂ ಕಟ್ಟಬೇಕಾ, ಅಥವಾ ವಸೂಲಿಗೆ ಬಂದವನ ಜೊತೆ ಸೇರಿ ಅವಳ ಬಾಗಿಲು ತಟ್ಟಬೇಕಾ? ಇದಕ್ಕೆ ಸುಲಭದ ಉತ್ತರ ಇಲ್ಲ. ನಾಲ್ವರೂ ಬಡವರೇ.

ಪ್ರಶ್ನೆ ಸರಿಯಾಗಿದೆಯೇ ಎಂದು ತಿಳಿಯಲು ಒಂದು ದಾರಿ ಇದೆ. ತಂಡದ ಮುಂದೆ ಅದನ್ನು ಇಡಿ. ಹತ್ತು ನಿಮಿಷದಲ್ಲಿ ನಿಮ್ಮಲ್ಲೇ ಇಬ್ಬರು ಎದುರುಬದುರಾಗಿ ಮಾತಾಡದಿದ್ದರೆ ಆ ಪ್ರಶ್ನೆ ಬಿಡಿ. ತಂಡದವರೆಲ್ಲ ಒಪ್ಪಿದ ಮಾತನ್ನು ನಾಟಕ ಮಾಡಿದರೆ ಅದು ಭಾಷಣವಾಗುತ್ತದೆ.

2. ಊರಿನಿಂದ ಮಾತು ತನ್ನಿ, ಕಾಗದದಿಂದ ನಿಯಮ ತನ್ನಿ

ಎರಡೂ ಬೇಕು. ಮಾತು ಸಿಗುವುದು ಬೆಳಿಗ್ಗೆ ಹಾಲಿನ ಡೈರಿಯ ಮುಂದೆ, ಕಬ್ಬಿನ ಗದ್ದೆಯಲ್ಲಿ, ವಾರದ ಮೀಟಿಂಗ್ ಮುಗಿಸಿ ಹೆಂಗಸರು ಜಗಲಿ ಮೇಲೆ ಕೂತಾಗ. ನೋಟ್‌ಬುಕ್ ಹಿಡಿದು ಹೋಗಬೇಡಿ, ಸರ್ವೆಯವರು ಬಂದರು ಅಂದುಕೊಳ್ಳುತ್ತಾರೆ. ಸುಮ್ನೆ ಕೂತು ಕೇಳಿಸಿಕೊಳ್ಳಿ. 'ಹೋದ್ ವಾರನೂ ನಾವೇ ಕಟ್ಟಿದ್ದು ಕನಕ್ಕ, ಈ ವಾರ ನಮ್ ಮನೇಲೂ ಒಲೆ ಉರೀಬೇಕಲ್ವಾ?' ಇಂಥ ಒಂದು ಮಾತು ಕಿವಿಗೆ ಬಿದ್ದರೆ ಅರ್ಧ ದೃಶ್ಯ ಸಿಕ್ಕಿದ ಹಾಗೆ. ಆದರೆ ಯಾರದೋ ಮನೆಯ ಕಥೆಯನ್ನು ಹಾಗೇ ತಂದು ಅದೇ ಊರಲ್ಲಿ ಆಡಬೇಡಿ. ಮೂರು ಮನೆ ಕಥೆ ಕಲಸಿ ನಾಲ್ಕನೆಯದೊಂದು ಮಾಡಿ.

ಇನ್ನು ನಿಯಮಗಳು. ರಿಸರ್ವ್ ಬ್ಯಾಂಕಿನ 2022ರ ನಿಯಮದ ಪ್ರಕಾರ ವರ್ಷಕ್ಕೆ 3 ಲಕ್ಷದವರೆಗೆ ಆದಾಯ ಇರುವ ಮನೆಗೆ ಅಡಮಾನ ಇಲ್ಲದೆ ಕೊಡುವ ಸಾಲ ಮೈಕ್ರೋಫೈನಾನ್ಸ್ ಸಾಲ. ಆ ಮನೆಯ ಎಲ್ಲಾ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. ವಸೂಲಿಗೆ ಬೆಳಿಗ್ಗೆ 9ರ ಮೊದಲು, ಸಂಜೆ 6ರ ನಂತರ ಫೋನ್ ಮಾಡುವಂತಿಲ್ಲ. ಕಿರುಕುಳದ ವಸೂಲಿ ತಡೆಯಲು ಕರ್ನಾಟಕ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಇವನ್ನು ನಾಟಕದಲ್ಲಿ ಯಾರ ಬಾಯಲ್ಲೂ ಹೇಳಿಸಬೇಡಿ. ಎಲ್ಲಿ ಬಳಸಬೇಕು ಅಂತ ಮುಂದೆ ಹೇಳುತ್ತೇನೆ.

3. ಕಥೆಯನ್ನು ತೀರ್ಮಾನದ ಬಾಗಿಲಲ್ಲಿ ನಿಲ್ಲಿಸಿ

ನಾಟಕ 20 ನಿಮಿಷಕ್ಕಿಂತ ಜಾಸ್ತಿ ಬೇಡ. ಉಳಿದ ಹೊತ್ತು ಜನಕ್ಕೆ ಬೇಕಾಗುತ್ತದೆ. ನಮ್ಮ ಉದಾಹರಣೆಗೆ ನಾಲ್ಕು ದೃಶ್ಯ ಸಾಕು. ಸಾಕಮ್ಮ ಸಾಲಕ್ಕೆ ಹೆಬ್ಬೆಟ್ಟು ಒತ್ತುತ್ತಾಳೆ, ಗುಂಪಿನವರು ನಗುತ್ತಾ ಫೋಟೋ ತೆಗೆಸಿಕೊಳ್ಳುತ್ತಾರೆ. ಕಬ್ಬಿನ ದುಡ್ಡು ತಡವಾಗುತ್ತದೆ, ಗಂಡನಿಗೆ ಹುಷಾರಿಲ್ಲ, ಇನ್ನೊಂದು ಸಂಘದಲ್ಲಿ ತೆಗೆದು ಇಲ್ಲಿಗೆ ಕಟ್ಟುತ್ತಾಳೆ. ಮೂರನೆಯದರಲ್ಲಿ ಕಂತು ತಪ್ಪುತ್ತದೆ, ಗೆಳತಿಯರ ಮುಖ ಬದಲಾಗುತ್ತದೆ. ನಾಲ್ಕನೆಯದು ರಾತ್ರಿ ಎಂಟು ಗಂಟೆ. ವಸೂಲಿಯ ಹುಡುಗ ಜಗಲಿ ಮೇಲೆ ಕೂತಿದ್ದಾನೆ, ನಾಲ್ಕು ಜನ ಹೆಂಗಸರು ಅವನ ಹಿಂದೆ. ಸಾಕಮ್ಮ ಒಳಗಿಂದ ಚಿಲಕದ ಮೇಲೆ ಕೈ ಇಟ್ಟಿದ್ದಾಳೆ.

ಅಲ್ಲಿಗೆ ನಿಲ್ಲಿಸಿ. ಅವಳು ಸಾಯುವುದು ಬೇಡ. ಸಾವು ತೋರಿಸಿದರೆ ಜನ ಅಳುತ್ತಾರೆ, ಅತ್ತು ಹಗುರಾಗುತ್ತಾರೆ. ಅದೂ ಅಲ್ಲದೆ, ಅದೇ ಕಷ್ಟದಲ್ಲಿರುವ ಒಬ್ಬಳು ಆ ಗುಂಪಿನಲ್ಲೇ ಕೂತಿರಬಹುದು. ಅವಳಿಗೆ ನೀವು ತೋರಿಸುವ ದಾರಿ ಅದಾಗಬಾರದು.

ಮೊದಲ ಮೂರು ದೃಶ್ಯಗಳಲ್ಲೂ ಬೇರೆ ಥರ ಮಾಡಬಹುದಿದ್ದ ಒಂದೊಂದು ಕ್ಷಣ ಇರಬೇಕು. ಎರಡನೇ ಸಾಲ ತೆಗೆಯುವ ಮುಂಚೆ ಗುಂಪಿಗೆ ಹೇಳಬಹುದಿತ್ತು. ಗುಂಪು ಮೊದಲೇ ಸೇರಿ ಕೂರಬಹುದಿತ್ತು. ಎಲ್ಲಾ ಹಣೆಬರಹ ಅನ್ನುವಂಥ ಕಥೆಯಾದರೆ ನೋಡುವವರಿಗೆ ಕೈ ಹಾಕಲು ಜಾಗವೇ ಇರುವುದಿಲ್ಲ.

4. ನಟನೆ: ಪಾತ್ರವೇ ಆಗಿಬಿಡಬೇಡಿ

ಇದು ಹೊಸಬರಿಗೆ ಕಷ್ಟವಾಗುವ ಜಾಗ. ಸ್ವಲ್ಪ ನಿಂತು ನೋಡೋಣ.

ಜರ್ಮನಿಯ ನಾಟಕಕಾರ ಬರ್ಟೋಲ್ಟ್ ಬ್ರೆಕ್ಟ್ (1898–1956) ಒಂದು ಸರಳ ಉದಾಹರಣೆ ಕೊಟ್ಟಿದ್ದರು. ರಸ್ತೆಯಲ್ಲಿ ಅಪಘಾತ ಆಯಿತು. ನೋಡಿದವನೊಬ್ಬ ಆಮೇಲೆ ಬಂದವರಿಗೆ ಹೇಗಾಯಿತು ಅಂತ ಮಾಡಿ ತೋರಿಸುತ್ತಾನೆ. ಡ್ರೈವರ್ ಹೀಗೆ ತಿರುಗಿಸಿದ, ಮುದುಕ ಹೀಗೆ ನಡೆದು ಬರುತ್ತಿದ್ದ. ಅವನು ಡ್ರೈವರ್ ಆಗುವುದಿಲ್ಲ, ಡ್ರೈವರನ್ನು ತೋರಿಸುತ್ತಾನೆ. ಸುತ್ತ ನಿಂತವರು ತಪ್ಪು ಯಾರದು ಅಂತ ಅಲ್ಲೇ ವಾದಕ್ಕೆ ಇಳಿಯುತ್ತಾರೆ. ಬ್ರೆಕ್ಟ್ ಕೇಳಿದ್ದು ಇಂಥ ನಟನೆಯನ್ನು. ಚೀನಾದ ನಟ ಮೇ ಲಾನ್‌ಫಾಂಗ್ 1935ರಲ್ಲಿ ಮಾಸ್ಕೋದಲ್ಲಿ ಆಡಿ ತೋರಿಸಿದ್ದನ್ನು ಕಂಡ ಮೇಲೆ ಅವರ ಈ ವಿಚಾರ ಇನ್ನಷ್ಟು ಗಟ್ಟಿಯಾಯಿತು.

ನಮ್ಮ ಕಡೆಯವರಿಗೆ ಇದನ್ನು ಹೊರಗಿನಿಂದ ತಂದು ಕಲಿಸಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ. ಮೂಡಲಪಾಯ ಯಕ್ಷಗಾನದಲ್ಲಿ ವೇಷ ತೆರೆಯ ಹಿಂದೆ ನಿಲ್ಲುತ್ತದೆ. ಸಾರಥಿ ಅದನ್ನು ಮಾತಾಡಿಸಿ ನೀನು ಯಾರು, ಎಲ್ಲಿಂದ ಬಂದೆ ಅಂತ ಕೇಳುತ್ತಾನೆ. ಭಾಗವತರು ಕಥೆ ಹೇಳುತ್ತಾ ಅಲ್ಲೇ ನಿಂತಿರುತ್ತಾರೆ. ಮಂಡ್ಯ ಕಡೆಯ ಹಳ್ಳಿಗಳ ಕುರುಕ್ಷೇತ್ರ ನಾಟಕ ನೆನಪಿಸಿಕೊಳ್ಳಿ. ದುರ್ಯೋಧನ ಪಕ್ಕದ ಬೀದಿಯ ಅಣ್ಣ ಅಂತ ಎಲ್ಲರಿಗೂ ಗೊತ್ತು. ಅವನು ಒಂದು ಕಂದ ಚೆನ್ನಾಗಿ ಹಾಡಿದರೆ 'ಒನ್ಸ್ ಮೋರ್' ಬೀಳುತ್ತದೆ, ಯುದ್ಧ ನಿಲ್ಲುತ್ತದೆ, ನೆಂಟರು ಹತ್ತಿ ಹಾರ ಹಾಕಿ ಇಳಿಯುತ್ತಾರೆ. ಮೇಷ್ಟ್ರು ಹಾರ್ಮೋನಿಯಂ ಮುಂದೆ ಕೂತು ಮತ್ತೆ ಶುರು ಮಾಡುತ್ತಾರೆ. ಇದು ನಾಟಕ ಅನ್ನುವುದನ್ನು ಇಲ್ಲಿ ಯಾರೂ ಒಂದು ಗಳಿಗೆಯೂ ಮರೆತಿರುವುದಿಲ್ಲ. ವ್ಯತ್ಯಾಸ ಇಷ್ಟೇ: ಅಲ್ಲಿ ಕಥೆ ನಿಲ್ಲುವುದು ಮೆಚ್ಚುಗೆಗೆ, ನೀವು ನಿಲ್ಲಿಸಬೇಕಾದದ್ದು ಪ್ರಶ್ನೆಗೆ.

ತಾಲೀಮಿನಲ್ಲಿ ಬ್ರೆಕ್ಟ್ ಹೇಳಿದ ಈ ಅಭ್ಯಾಸ ಮಾಡಿ. ನಟಿ ತನ್ನ ಮಾತನ್ನು 'ನಾನು' ಅನ್ನದೆ 'ಅವಳು' ಅಂತ ಹೇಳಲಿ, ಆಗಿಹೋದದ್ದನ್ನು ಹೇಳುವ ಹಾಗೆ. 'ಸಾಕಮ್ಮ ಬಾಗಿಲ ಹತ್ರ ಬಂದಳು. ಕೈ ನಡುಗುತ್ತಿತ್ತು. ನಾಳೆ ಬನ್ನಿ ಸಾರ್ ಅಂದಳು.' ನಾಲ್ಕು ಸಲ ಹೀಗೆ ಮಾಡಿ, ಆಮೇಲೆ ಮಾಮೂಲಿನಂತೆ ಆಡಿಸಿ. ಅಳು ಕಮ್ಮಿಯಾಗಿರುತ್ತದೆ, ಸಾಕಮ್ಮ ಯಾಕೆ ಹಾಗೆ ಮಾಡುತ್ತಾಳೆ ಎಂಬುದು ಜಾಸ್ತಿ ಕಾಣುತ್ತದೆ.

ಇನ್ನೊಂದು, ಮಾಡದೆ ಬಿಟ್ಟದ್ದನ್ನೂ ತೋರಿಸುವುದು. ಗುಂಪಿನ ಒಬ್ಬಳು ಸಾಕಮ್ಮನ ಕಡೆ ಒಂದು ಹೆಜ್ಜೆ ಇಡುತ್ತಾಳೆ. ನಿಲ್ಲುತ್ತಾಳೆ. ವಸೂಲಿ ಹುಡುಗನ ಮುಖ ನೋಡುತ್ತಾಳೆ. ಹಿಂದಕ್ಕೆ ಹೋಗುತ್ತಾಳೆ. ಮಾತಿಲ್ಲ. ಆ ಒಂದು ಹೆಜ್ಜೆಯಲ್ಲಿ ಬೇರೆ ಕಥೆಯೊಂದು ನಡೆಯಬಹುದಿತ್ತು ಅಂತ ನೋಡುವವರಿಗೆ ಹೊಳೆಯುತ್ತದೆ.

5. ಕಥೆ ತುಂಡು ಮಾಡುವ ಉಪಾಯಗಳು

ಫಲಕ ಎಲ್ಲಕ್ಕಿಂತ ಅಗ್ಗ. ರಟ್ಟು, ಸುಣ್ಣ, ಕಪ್ಪು ಬಣ್ಣ ಸಾಕು. ನಾಲ್ಕನೇ ದೃಶ್ಯದಲ್ಲಿ ಹುಡುಗ ಜಗಲಿ ಮೇಲೆ ಕೂತು ಫೋನ್ ಮೇಲೆ ಫೋನ್ ಮಾಡುತ್ತಿರುವಾಗ ತಂಡದ ಒಬ್ಬರು ನಿಧಾನಕ್ಕೆ ನಡೆದು ಬಂದು ಎರಡು ಫಲಕ ಹಿಡಿಯಲಿ. ಒಂದರಲ್ಲಿ 'ಈಗ ರಾತ್ರಿ 8 ಗಂಟೆ'. ಇನ್ನೊಂದರಲ್ಲಿ 'ಸಂಜೆ 6ರ ನಂತರ ವಸೂಲಿಗೆ ಫೋನ್ ಮಾಡುವಂತಿಲ್ಲ'. ಯಾರೂ ಏನೂ ಹೇಳಬೇಡಿ, ನಾಟಕ ಮುಂದುವರಿಯಲಿ. ಜನ ಓದುತ್ತಾರೆ, ಓದು ಬಾರದವರಿಗೆ ಪಕ್ಕದವರು ಓದಿ ಹೇಳುತ್ತಾರೆ. ಗುಸುಗುಸು ಶುರುವಾಗುತ್ತದೆ. ಕಾಗದದಿಂದ ತಂದ ನಿಯಮಕ್ಕೆ ಜಾಗ ಇದೇ. ಆಫೀಸರ್ ಪಾತ್ರ ಬಂದು ಇದನ್ನೇ ಹೇಳಿದ್ದರೆ ಪಾಠವಾಗುತ್ತಿತ್ತು. ಈಗ ಕಣ್ಣೆದುರು ನಡೆಯುತ್ತಿರುವುದಕ್ಕೂ ಬರೆದಿರುವುದಕ್ಕೂ ತಾಳೆಯಾಗುತ್ತಿಲ್ಲ ಎಂಬುದನ್ನು ಅವರೇ ಹಿಡಿಯುತ್ತಾರೆ.

ಹಾಡನ್ನು ದೃಶ್ಯಕ್ಕೆ ವಿರುದ್ಧವಾಗಿ ಇಡಿ. ಸಾಕಮ್ಮ ಎರಡನೇ ಸಾಲಕ್ಕೆ ಹೆಬ್ಬೆಟ್ಟು ಒತ್ತುವಾಗ ಮೇಳದವರು ಮದುವೆ ಮನೆಯ ಸೋಬಾನೆ ಧಾಟಿಯಲ್ಲಿ ಕಂತಿನ ಲೆಕ್ಕ ಹಾಡಲಿ. ಜನ ನಗುತ್ತಾರೆ, ನಕ್ಕಿದ್ದಕ್ಕೆ ಆಮೇಲೆ ಸ್ವಲ್ಪ ಮುಜುಗರವೂ ಆಗುತ್ತದೆ. ದುಃಖದ ದೃಶ್ಯಕ್ಕೆ ದುಃಖದ ಹಾಡು ಹಾಕಿದರೆ ಕಣ್ಣೀರು ಬರುತ್ತದೆ, ಅಷ್ಟೇ.

ಒಬ್ಬನೇ ಎರಡು ಪಾತ್ರ ಮಾಡಲಿ, ಅದೂ ಜನರ ಎದುರೇ ಬದಲಾಯಿಸಿಕೊಂಡು. ಸಾಕಮ್ಮನ ಗಂಡನೇ ಟವೆಲ್ ತೆಗೆದಿಟ್ಟು ಬ್ಯಾಗು ಹಾಕಿಕೊಂಡರೆ ವಸೂಲಿ ಹುಡುಗ. 'ಅಕ್ಕ, ನಂಗೂ ಮನೆಗ್ ಹೋಗ್ಬೇಕು. ಕಟ್ಟುಸ್ಕೊಂಡೇ ಬಾ ಅಂದವ್ರೆ ನಮ್ ಮ್ಯಾನೇಜ್ರು.' ಅವನೂ ಯಾವುದೋ ಹಳ್ಳಿಯ ಡಿಗ್ರಿ ಮುಗಿಸಿದ ಹುಡುಗ. ಮೀಸೆ ತಿರುವುವ ವಿಲನ್ ಮಾಡಿದರೆ ಜನ ಅವನಿಗೆ ಬೈದು ಸುಮ್ಮನಾಗುತ್ತಾರೆ. ಅವನ ಹಿಂದೆ ಇರುವ ಟಾರ್ಗೆಟ್ಟು, ಅದರ ಹಿಂದಿನ ಕಂಪನಿ ಕಾಣುವುದೇ ಇಲ್ಲ.

ವಿಷಯ ಊರಿಗೆ ತುಂಬಾ ಬಿಸಿಯಾಗಿದ್ದರೆ, ಮುಖ್ಯವಾಗಿ ಜಾತಿಯದ್ದಾದರೆ, ಕಥೆಯನ್ನು ಬೇರೆ ಊರಿಗೆ ಕಳಿಸಿ. 1977ರಲ್ಲಿ ಬಿಹಾರದ ಬೆಲ್ಚಿಯಲ್ಲಿ ದಲಿತರ ಹತ್ಯೆ ನಡೆಯಿತು. 1975ರಲ್ಲಿ ಹುಟ್ಟಿದ 'ಸಮುದಾಯ' ತಂಡ ಅದನ್ನು ಕರ್ನಾಟಕದ ಬೀದಿಗಳಿಗೆ ನಾಟಕವಾಗಿ ತಂದಿತು. ಊರಿನ ಹೆಸರು ದೂರದ್ದು. ಅದಕ್ಕೇ ಜನ ಕೂತು ನೋಡುತ್ತಾರೆ, ನೋಡನೋಡುತ್ತಾ ತಮ್ಮ ಊರಿನ ಕೇರಿ ನೆನಪಿಗೆ ಬರುತ್ತದೆ.

ಮೈಸೂರಿನಲ್ಲಿದ್ದರೆ ಇವನ್ನೆಲ್ಲ ನೋಡಿ ಕಲಿಯಲು ಜಾಗಕ್ಕೆ ಬರವಿಲ್ಲ. ಬಿ.ವಿ. ಕಾರಂತರು ಕಟ್ಟಿದ ನಾಟಕ ಸಂಸ್ಥೆ ರಂಗಾಯಣ 1989ರಿಂದ ಇದೆ. ಅಲ್ಲಿನ ಭೂಮಿಗೀತದಲ್ಲೋ ವನರಂಗದಲ್ಲೋ ನಾಟಕವಿದ್ದಾಗ, ಬಹುರೂಪಿ ಉತ್ಸವದ ಹೊತ್ತಿನಲ್ಲಿ, ಒಂದು ನಾಟಕವನ್ನು ಎರಡು ಸಲ ನೋಡಿ. ಎರಡನೇ ಸಲ ಪಕ್ಕದಲ್ಲಿ ಕೂತು ಬರೀ ಪ್ರೇಕ್ಷಕರ ಮುಖ ನೋಡಿ. ಎಲ್ಲಿ ಮುಂದಕ್ಕೆ ಬಾಗುತ್ತಾರೆ, ಎಲ್ಲಿ ಮೊಬೈಲ್ ತೆಗೆಯುತ್ತಾರೆ ಅಂತ ಬರೆದುಕೊಳ್ಳಿ.

6. ಎರಡನೇ ಸಲ ಆಡಿ, ಜನರನ್ನು ಒಳಗೆ ಕರೆಯಿರಿ

ಬ್ರೆಜಿಲಿನ ಆಗಸ್ಟೊ ಬೋಆಲ್ (1931–2009) ಬ್ರೆಕ್ಟ್‌ಗಿಂತ ಒಂದು ಹೆಜ್ಜೆ ಮುಂದೆ ಹೋದವರು. 1971ರಲ್ಲಿ ಅಲ್ಲಿನ ಮಿಲಿಟರಿ ಆಡಳಿತ ಅವರನ್ನು ಹಿಡಿದು ಹಿಂಸೆ ಕೊಟ್ಟಿತು, ದೇಶ ಬಿಡಬೇಕಾಯಿತು. ಪೆರುವಿನಲ್ಲಿ ಆಡುವಾಗ ಅವರ ತಂಡ ಕಥೆ ನಿಲ್ಲಿಸಿ, ಮುಂದೇನು ಮಾಡಬೇಕು ಅಂತ ಜನರನ್ನು ಕೇಳಿ, ಅವರು ಹೇಳಿದಂತೆ ನಟಿಸುತ್ತಿತ್ತು. ಒಬ್ಬ ಹೆಂಗಸಿಗೆ ಎಷ್ಟು ಸಲ ಮಾಡಿದರೂ ಸಮಾಧಾನವಾಗಲಿಲ್ಲ, ನಾನು ಹೇಳಿದ್ದು ಹೀಗಲ್ಲ ಅಂದಳು. ಕೊನೆಗೆ ನೀವೇ ಬಂದು ಮಾಡಿ ಅಂದರು. ಬಂದಳು, ಮಾಡಿದಳು. ನೋಡುವವರೇ ಬಂದು ಆಡುವ ಫೋರಂ ಥಿಯೇಟರ್ ಶುರುವಾದದ್ದು ಹೀಗೆ ಅಂತ ಬೋಆಲ್ ಹೇಳುತ್ತಿದ್ದರು.

ನೀವು ಮಾಡುವ ಕ್ರಮ ಇದು. ಮೊದಲು ನಾಟಕ ಪೂರ್ತಿ ಆಡಿ. ಆಮೇಲೆ ತಂಡ ನಡೆಸುವವರು, ಅಂದರೆ ನಿಮ್ಮ ಮೇಷ್ಟ್ರು, ಜನರ ಮುಂದೆ ಬರಲಿ. ಬೋಆಲ್ ಈ ಪಾತ್ರಕ್ಕೆ ಜೋಕರ್ ಅನ್ನುತ್ತಿದ್ದರು. ಮೇಷ್ಟ್ರು ಹೇಳಬೇಕಾದದ್ದು ಇಷ್ಟು: 'ಇದೇ ನಾಟಕ ಇನ್ನೊಂದು ಸಲ ಆಡ್ತೀವಿ. ಸಾಕಮ್ಮ ಬೇರೆ ಏನೋ ಮಾಡಬಹುದಿತ್ತು ಅಂತ ಎಲ್ಲಿ ಅನ್ನಿಸುತ್ತೋ ಅಲ್ಲಿ ನಿಲ್ಲಿಸಿ ಅಂತ ಕೂಗಿ. ಬಂದು ನೀವೇ ಸಾಕಮ್ಮ ಆಗಿ.' ಸಾಕಮ್ಮನ ಜಾಗಕ್ಕೋ ಗುಂಪಿನ ಹೆಂಗಸಿನ ಜಾಗಕ್ಕೋ ಯಾರು ಬೇಕಾದರೂ ಬರಬಹುದು. ವಸೂಲಿ ಹುಡುಗನನ್ನು ಬದಲಾಯಿಸಲು ಬಿಡಬೇಡಿ. ಅವನು ಒಳ್ಳೆಯವನಾಗಿಬಿಟ್ಟರೆ ಎಲ್ಲಾ ಮುಗಿಯಿತು. ನಿಜವಾಗಿ ಹಾಗಾಗುವುದಿಲ್ಲವಲ್ಲ. ಉಳಿದ ನಟರು ತಮ್ಮ ಪಟ್ಟು ಬಿಡದೆ ಎದುರು ನಿಲ್ಲಬೇಕು, ಆದರೆ ಬಂದವರನ್ನು ಅವಮಾನ ಮಾಡಬಾರದು.

ಪ್ರತಿ ಪ್ರಯತ್ನದ ಮೇಲೂ ಮೇಷ್ಟ್ರು ಜನರನ್ನೇ ಕೇಳಲಿ: 'ಇದು ನಮ್ಮೂರಲ್ಲಿ ನಡೆಯುತ್ತಾ?' ಒಬ್ಬ ಬಂದು 'ಸ್ಟೇಷನ್ನಿಗೆ ಹೋಗ್ತೀನಿ' ಅನ್ನುತ್ತಾನೆ. ಹಿಂದಿನಿಂದ ಯಾರೋ 'ಓಗು, ನಾಳೆ ನಿಂಗೆ ಸಾಲ ಯಾರ್ ಕೊಟ್ಟಾರು?' ಅನ್ನುತ್ತಾರೆ. ಇದೇ ನಿಮಗೆ ಬೇಕಾದ ಗಳಿಗೆ. ಮೇಷ್ಟ್ರು ಇಲ್ಲಿ ಬಾಯಿ ಮುಚ್ಚಿಕೊಂಡು ಇರುವುದೇ ದೊಡ್ಡ ಕೆಲಸ.

ನಮ್ಮ ಹಳ್ಳಿಗಳಲ್ಲಿ ಮೂರು ತೊಂದರೆ ಗ್ಯಾರಂಟಿ. ಮೊದಲನೆಯದು, ಊರಿನ ಮುಖಂಡರೊಬ್ಬರು ಎದ್ದು ಭಾಷಣ ಶುರು ಮಾಡುವುದು. ಕೈಮುಗಿದು 'ಅಣ್ಣ, ಅದನ್ನ ಮಾಡಿ ತೋರ್ಸಿ, ಬನ್ನಿ' ಅನ್ನಿ. ಬಂದರೆ ಒಳ್ಳೆಯದು, ಬಾರದಿದ್ದರೆ ಕೂರುತ್ತಾರೆ. ಎರಡನೆಯದು, ಕುಡಿದು ಬಂದವರು. ಅವರನ್ನು ನೋಡಿಕೊಳ್ಳಲು ಅದೇ ಊರಿನ ಒಬ್ಬರಿಗೆ ಮೊದಲೇ ಹೇಳಿಟ್ಟಿರಿ.

ಮೂರನೆಯದು ದೊಡ್ಡದು. ಯಾರ ಕಥೆಯೋ ಅವರೇ ಮಾತಾಡುವುದಿಲ್ಲ. ಗಂಡಸರು ಮುಂದೆ ಕೂತಿರುತ್ತಾರೆ, ಹೆಂಗಸರು ಹಿಂದೆ ಗೋಡೆಗೆ ಒರಗಿ ಸೆರಗು ಬಾಯಿಗೆ ಇಟ್ಟುಕೊಂಡು ನಿಂತಿರುತ್ತಾರೆ. ಮೈಕ್ ಕೊಟ್ಟರೆ ಓಡುತ್ತಾರೆ. ಇದಕ್ಕೆ ನಿಧಾನವಾಗಿ ದಾರಿ ಮಾಡಬೇಕು. 'ಪಕ್ಕದವರ ಜೊತೆ ಎರಡು ನಿಮಿಷ ಮಾತಾಡ್ಕೊಳ್ಳಿ' ಅಂತ ಬಿಡಿ. ತಂಡದ ಹುಡುಗಿಯರು ಹೋಗಿ ಅವರ ನಡುವೆ ಕೂರಲಿ. ಅವರು ಕೂತಲ್ಲಿಂದಲೇ ಹೇಳಲಿ, ನಟಿ ಹಾಗೆಯೇ ಮಾಡಲಿ. ಅಷ್ಟಕ್ಕೂ ಆಗದಿದ್ದರೆ ಮಧ್ಯಾಹ್ನ ಮೂರಕ್ಕೆ, ಸಂಜೆ ಹಾಲು ಕರೆಯುವ ಹೊತ್ತಿಗೆ ಮುಂಚೆ, ಬರೀ ಹೆಂಗಸರಿಗಾಗಿ ಒಂದು ಪ್ರದರ್ಶನ ಇಡಿ. ಗಂಡಸರಿಗೆ ಬೇರೆ ದಿನ. ಎರಡೂ ಕಡೆ ಬಂದ ಉತ್ತರಗಳನ್ನು ಹೋಲಿಸಿದರೆ ನಿಮಗೇ ಇನ್ನೊಂದು ನಾಟಕ ಸಿಗುತ್ತದೆ.

ಬೋಆಲ್ ಅವರದೇ ಇನ್ನೊಂದು ಬಗೆ, ನಾಟಕ ಅಂತ ಯಾರಿಗೂ ಹೇಳದೆ ಬಸ್ಸಿನಲ್ಲೋ ಹೋಟೆಲಿನಲ್ಲೋ ಜಗಳ ಆಡುವುದು. ಕೇಳಲು ರೋಚಕ. ಹೊಸ ತಂಡಕ್ಕೆ ಬೇಡ. ಮಂಡ್ಯದ ಬಸ್ ಸ್ಟ್ಯಾಂಡಿನಲ್ಲಿ ಸಾಲದ ಜಗಳ ತೆಗೆದರೆ ಮಧ್ಯೆ ಬರುವವರು ನಿಜವಾಗಿ ಕೈ ಎತ್ತುತ್ತಾರೆ.

7. ಜಾಗ, ಅನುಮತಿ, ಎಚ್ಚರ

ಅರಳಿಕಟ್ಟೆ, ಶಾಲೆಯ ಅಂಗಳ, ಸಂತೆ ಮುಗಿದ ಮೈದಾನ, ಮೈಸೂರಿನಲ್ಲಾದರೆ ಕಾಲೇಜಿನ ಆವರಣ. ದೇವಸ್ಥಾನದ ಮುಂದೆ ಬೇಡ. ಎಲ್ಲರೂ ಅಲ್ಲಿಗೆ ಒಂದೇ ಥರ ಬರಲು ಆಗದ ಊರುಗಳಿವೆ. ಜನ ಅರ್ಧ ವೃತ್ತದಲ್ಲಿ ಕೂರಲಿ, ಒಬ್ಬರ ಮುಖ ಒಬ್ಬರಿಗೆ ಕಾಣಲಿ. ವಾದ ಹುಟ್ಟುವುದಕ್ಕೆ ಇದು ಬೇಕು. ಮೈಕ್ ಇಲ್ಲದೆ ಕೇಳಿಸುವಷ್ಟು ಜನ ಸಾಕು. ಮೈಕ್ ಹಾಕುವುದಾದರೆ ಪೊಲೀಸ್ ಅನುಮತಿ ಪಡೆಯಿರಿ, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ.

ಊರಿಗೆ ಒಂದು ವಾರ ಮುಂಚೆ ಹೋಗಿ ಯಜಮಾನರಿಗೂ ಸಂಘದ ಹೆಂಗಸರಿಗೂ ಹೇಳಿ ಬನ್ನಿ. ಕಂಪನಿಯ ಹೆಸರಾಗಲಿ ಪಕ್ಷದ ಹೆಸರಾಗಲಿ ನಾಟಕದಲ್ಲಿ ಬೇಡ. ಇಂಥ ನಾಟಕ ಆಡುವುದರಲ್ಲಿ ಅಪಾಯ ಇಲ್ಲವೇ ಇಲ್ಲ ಅಂತ ನಾನು ಹೇಳುವುದಿಲ್ಲ. 1989ರ ಜನವರಿ 1ರಂದು ದೆಹಲಿ ಹತ್ತಿರದ ಸಾಹಿಬಾಬಾದ್‌ನಲ್ಲಿ ಬೀದಿನಾಟಕ ಆಡುತ್ತಿದ್ದಾಗ ಸಫ್ದರ್ ಹಾಶ್ಮಿ ಅವರ ಮೇಲೆ ದಾಳಿ ಆಯಿತು, ಮಾರನೇ ದಿನ ತೀರಿಕೊಂಡರು. ಜನವರಿ 4ರಂದು ಅವರ ತಂಡ ಅದೇ ಜಾಗಕ್ಕೆ ಹೋಗಿ ನಿಂತುಹೋದ ನಾಟಕವನ್ನು ಆಡಿ ಮುಗಿಸಿತು. ನಿಮ್ಮ ತಂಡದಲ್ಲಿ ಯಾರಿಗಾದರೂ ಭಯ ಇದ್ದರೆ ಅದನ್ನು ಹೊರಡುವ ಮುಂಚೆಯೇ ಮಾತಾಡಿ, ಬರುವುದಿಲ್ಲ ಅನ್ನುವವರನ್ನು ಹೀಯಾಳಿಸಬೇಡಿ.

8. ಮುಗಿದ ಮೇಲೆ

ಕೊನೆಗೆ ಯಾರಾದರೂ ಕೇಳಿಯೇ ಕೇಳುತ್ತಾರೆ: 'ಎಲ್ಲಾ ಸರಿ ಸಾರ್, ಕೊನೆಗೆ ಏನ್ ಮಾಡ್ಬೇಕು ನೀವೇ ಹೇಳಿ.' ಹೇಳಬೇಡಿ. ಆದರೆ ಬರಿಗೈಯಲ್ಲೂ ಕಳಿಸಬೇಡಿ. ಒಂದು ಚೀಟಿ ಕೊಡಿ. ಅದರಲ್ಲಿ ವಸೂಲಿಯ ಸಮಯದ ನಿಯಮ, ಕಂತು ಆದಾಯದ ಅರ್ಧ ದಾಟಬಾರದು ಎಂಬುದು, ರಿಸರ್ವ್ ಬ್ಯಾಂಕಿನ ದೂರು ಸಹಾಯವಾಣಿ 14448, ತಾಲ್ಲೂಕಿನ ಪೊಲೀಸ್ ಠಾಣೆಯ ನಂಬರ್, ಇಷ್ಟಿರಲಿ. ಏನು ಮಾಡಬೇಕೆಂದು ಅವರು ತೀರ್ಮಾನಿಸಲಿ.

ಸಾಮಾನು ಗಂಟು ಕಟ್ಟಿ ತಕ್ಷಣ ವ್ಯಾನ್ ಹತ್ತಬೇಡಿ. ಅರ್ಧ ಗಂಟೆ ಇರಿ. ಗುಂಪಿನಲ್ಲಿ ಬಾಯಿ ಬಿಡದ ಹೆಂಗಸು ಆಗ ಬಂದು ತಂಡದ ಹುಡುಗಿಯ ಹತ್ತಿರ ಮಾತಾಡುತ್ತಾಳೆ. ಆಮೇಲೆ ತಂಡ ಕೂತು ಬರೆದಿಡಲಿ: ಯಾವ ದೃಶ್ಯದಲ್ಲಿ ನಿಲ್ಲಿಸಿದರು, ಯಾರು ಬಂದರು, ಏನು ಮಾಡಿದರು, ಯಾವುದಕ್ಕೆ ಜನ 'ಆಗಕ್ಕಿಲ್ಲ' ಅಂದರು. ಎರಡು ಮೂರು ಊರುಗಳಲ್ಲಿ ಒಂದೇ ಕ್ಷಣಕ್ಕೆ ಕೂಗು ಬಿದ್ದರೆ ಆ ದೃಶ್ಯವನ್ನು ದೊಡ್ಡದು ಮಾಡಿ. ಯಾರೂ ಎಲ್ಲೂ ನಿಲ್ಲಿಸದ ದೃಶ್ಯ ಇದ್ದರೆ ಅದು ನಿಮಗೆ ಎಷ್ಟೇ ಇಷ್ಟವಾಗಿದ್ದರೂ ತೆಗೆದುಹಾಕಿ, ಮುಂದಿನ ಊರಿಗೆ ಮೂರೇ ದೃಶ್ಯ ತಗೊಂಡು ಹೋಗಿ.